ಬಂದ್ ಶಿಕ್ಕಾ, ತುಪ್ಪದ ಮಿಳ್ಳೆ

ರೋಗಿಯಾದವನು ತನ್ನ ನೋವಿನ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೇಳುತ್ತಾನೆ, ಔಷಧದ ವಿಷಯದಲ್ಲಿ ಸ್ವಲ್ಪ ಕಡಿಮೆ ಹೇಳುತ್ತಾನೆ, ಊಟದ ವಿಷಯದಲ್ಲಿ ಮಾತ್ರ ಬೇರೆಯೇ ಹೇಳುತ್ತಾನೆ. ಈ ಸತ್ಯವನ್ನು ನನಗೆ ಯಾವ ಪುಸ್ತಕವೂ ಕಲಿಸಲಿಲ್ಲ. ಎಪ್ಪತ್ತರ ಮತ್ತು ಎಂಬತ್ತರ ದಶಕಗಳನ್ನು ಬೆಳಗಾವಿಯ ಒಂದು ಆಸ್ಪತ್ರೆಯ ಪಥ್ಯದ ಅಡಿಗೆಮನೆಯಲ್ಲಿ ಕಳೆದವಳಿಗೆ ತಾನಾಗಿಯೇ ಬಂದ ಜ್ಞಾನವಿದು.

ಈಗ ರಾಮತೀರ್ಥ ನಗರದ ನನ್ನ ಮನೆಗೆ, ಇದೇ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ಬರುತ್ತಾರೆ. "ಮೇಡಂ, ನಿಮ್ಮ ಕಾಲಕ್ಕ ಹ್ಯಾಂಗಿತ್ತರಿ?" ಎಂದು ಕೇಳುತ್ತಾರೆ. ಅವರು ಕೇಳುವುದಕ್ಕೆ ಬಂದವರೋ ಚಹಾ ಕುಡಿಯುವುದಕ್ಕೆ ಬಂದವರೋ ಎಂಬ ಅನುಮಾನ ನನಗೆ ಇದ್ದೇ ಇದೆ. ಚಹಾಕ್ಕೆ ಸಕ್ಕರೆ ಬೇಡ ಎನ್ನುತ್ತಾರೆ, ಬಿಸ್ಕೀಟು ಮಾತ್ರ ನಾಲ್ಕು ತಿನ್ನುತ್ತಾರೆ. ನಾನು ಎಣಿಸುತ್ತೇನೆ. ಹಳೆಯ ಚಾಳಿ. ಅವರಿಗಾಗಿ ಇದನ್ನು ಬರೆದಿಡುತ್ತಿದ್ದೇನೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದು ಇದರಲ್ಲಿಲ್ಲ, ಏರಿದ್ದೂ ಅಷ್ಟಕ್ಕಷ್ಟೆ.

ಹಾಜರಿ ಪುಸ್ತಕದಲ್ಲಿ ನನ್ನ ಹುದ್ದೆ 'ಆಹಾರ ತಜ್ಞೆ' ಎಂದಿತ್ತು. ಆ ಪುಸ್ತಕವನ್ನು ಬಿಟ್ಟು ಬೇರೆ ಯಾರೂ ನನ್ನನ್ನು ಹಾಗೆ ಕರೆದದ್ದಿಲ್ಲ. ಮರಾಠಿಯ ಬಳಕೆಯಿಂದಾಗಿ ನಮ್ಮ ಕಡೆ ಗೌರವಸ್ಥ ಹೆಂಗಸನ್ನು 'ಬಾಯಿ' ಎನ್ನುತ್ತಾರೆ. ನಾನು 'ಪಥ್ಯದ ಬಾಯಿ' ಆದೆ. ಕನ್ನಡದಲ್ಲಿ ಬಾಯಿ ಎಂದರೆ ಬಾಯಿಯೇ ತಾನೆ? ಅಡಿಗೆಯ ಮಲ್ಲಪ್ಪ ಹೊಸ ರೋಗಿಗಳಿಗೆ ನನ್ನ ಪರಿಚಯ ಮಾಡಿಕೊಡುತ್ತಿದ್ದ ಬಗೆ ಹೀಗಿತ್ತು: "ಎಲ್ಲಾರ ಬಾಯಿ ಕಟ್ಟೂ ಬಾಯಿ ಇವರ ನೋಡ್ರಿ. ಇವರ ಬಂದ್ರು ಅಂದ್ರ ನಾಲಿಗಿ ಒಳಗ ಇಟಗೋರಿ."

ನನ್ನ ಕಚೇರಿ ಎಂದರೆ ಅಡಿಗೆಮನೆಯ ಉಗ್ರಾಣದ ಅರ್ಧ ಭಾಗ. ಒಂದು ತಕ್ಕಡಿ, ಒಂದು ಮೇಜು, ಒಂದು ಕಿಟಕಿ. ಆ ಕಿಟಕಿಯ ಮುಂದೆಯೇ ಉಂಡ ತಾಟುಗಳು ತೊಳೆಯಲು ಹೋಗಬೇಕು. ಹಾಗೆಂದು ನಾನೇ ಏರ್ಪಾಟು ಮಾಡಿಸಿದ್ದೆ. ವಾರ್ಡಿನಲ್ಲಿ ರೋಗಿಯನ್ನು ಮಾತಾಡಿಸಿ ಗೊತ್ತಾಗದ್ದು ತಾಟು ನೋಡಿದರೆ ಗೊತ್ತಾಗುತ್ತದೆ. ಉಪ್ಪಿಲ್ಲದ ಸಾರು ಪೂರ್ತಿ ಖಾಲಿಯಾಗಿ ಬಂತೆಂದರೆ ಎರಡೇ ಅರ್ಥ: ಒಂದೋ ಮನುಷ್ಯ ಹಸಿದಿದ್ದಾನೆ, ಇಲ್ಲವೋ ವಾರ್ಡಿನ ಕಿಟಕಿಯಾಚೆ ನಾಯಿ ಇದೆ. ನಾನು ಎದ್ದು ಹೋಗಿ ನಾಯಿ ನೋಡಿ ಬರುತ್ತಿದ್ದೆ.

ಅನುಮಾನಕ್ಕೆ ಫಲವೂ ಸಿಗುತ್ತಿತ್ತು. ಸಕ್ಕರೆ ಕಾಯಿಲೆಯ ಒಬ್ಬ ಅರಿವೆ ವ್ಯಾಪಾರಿ ನಮ್ಮಲ್ಲಿ ಹತ್ತು ದಿನ ಇದ್ದರು. ಪಥ್ಯದ ಊಟವನ್ನು ಪ್ರಸಾದದಂತೆ ಕಣ್ಣಿಗೊತ್ತಿಕೊಂಡು ಉಣ್ಣುವರು. ರಕ್ತದ ಸಕ್ಕರೆ ಮಾತ್ರ ಇಳಿಯದು. "ಬಾಯಿ, ನಿಮ್ಮ ಆಣಿ ಮಾಡಿ ಹೇಳ್ತೀನಿ, ಒಂದು ಹರಳು ಸಕ್ರಿ ಮುಟ್ಟಿಲ್ಲ" ಎಂದರು. ನನ್ನ ಆಣೆ ಮಾಡಿದವರನ್ನು ನಾನು ಎಂದೂ ನಂಬಿದವಳಲ್ಲ. ಮಂಚದ ಕಾಲಿನ ಗುಂಟ ಇರುವೆಗಳು ಸಾಲು ಹಿಡಿದು, ತಲೆದಿಂಬಿನ ಬಳಿಯ ಎಲೆ ಅಡಿಕೆ ಡಬ್ಬಿಗೆ ಯಾತ್ರೆ ಹೊರಟಿದ್ದವು. ಡಬ್ಬಿ ತೆಗೆದು ಸುಣ್ಣದ ಖಾನೆ ನೋಡಿದೆ.

"ಇದೇನ್ರಿ?"

"ಸುಣ್ಣಾರೀ."

"ಸುಣ್ಣ ಕಂದಗ ಯಾಕ್ರಿ?"

"ಹಳೇದ ಆಗೇತ್ರಿ."

ಬೆಳಗಾವಿಯ ಸಿಹಿ ಕುಂದಾ ಅದು, ಹಳೆಯದೂ ಅಲ್ಲ, ಅವತ್ತಿನದೇ. ಅಂದಿನಿಂದ ಇರುವೆಗಳನ್ನು ನಾನು ನನ್ನ ಇಲಾಖೆಯ ಸಿಬ್ಬಂದಿ ಎಂದೇ ತಿಳಿದೆ. ಸಂಬಳ ಕೇಳದ, ಸುಳ್ಳು ಹೇಳದ ಸಿಬ್ಬಂದಿ ನನಗೆ ಸಿಕ್ಕದ್ದು ಅವು ಮಾತ್ರ.

ಹೀಗಾಗಿ, ಆಸ್ಪತ್ರೆಯಿಂದ ಮನೆಗೆ ಹೊರಟ ಪ್ರತಿಯೊಬ್ಬರಿಗೂ ಪಥ್ಯದ ಚೀಟಿ ಕೈಗಿತ್ತು ಒಂದು ಉಪದೇಶ ಮಾಡುತ್ತಿದ್ದೆ: "ನಾಲಿಗಿ ಮಾತ ಕೇಳಬ್ಯಾಡ್ರಿ. ಮನ್ಯಾಗ ಮಂದಿ ಏನೂ ಆಗೂದಿಲ್ಲ ತಿನ್ನು ಅಂತಾರ, ಅವರನ್ನೂ ನಂಬಬ್ಯಾಡ್ರಿ. ಈ ಚೀಟಿ ಒಂದ ನಂಬರಿ." ಗುರು ಮಂತ್ರೋಪದೇಶ ಮಾಡುವ ಗತ್ತಿನಲ್ಲಿ ಇದನ್ನು ಹೇಳುತ್ತಿದ್ದೆನೆಂದು ಮಲ್ಲಪ್ಪ ಆಡಿಕೊಳ್ಳುತ್ತಿದ್ದ. ಆಡಿಕೊಂಡದ್ದಷ್ಟೇ ಅಲ್ಲ, ನನ್ನಂತೆ ಕನ್ನಡಕ ಮೂಗಿನ ತುದಿಗೆ ಎಳೆದು ಅಭಿನಯಿಸಿಯೂ ತೋರಿಸುತ್ತಿದ್ದನಂತೆ. ಈ ಉಪದೇಶವನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಇನ್ನು ಆ ಚೀಟಿಯ ಕಥೆ. ಮೊದಲ ವರ್ಷಗಳಲ್ಲಿ ಅದನ್ನು ನಾನು ಕೈಯಿಂದಲೇ, ಶುದ್ಧ ಕನ್ನಡದಲ್ಲಿ ಬರೆಯುತ್ತಿದ್ದೆ. ನಂದಗಡದ ಕಡೆಯ ಒಬ್ಬ ರೈತನಿಗೆ ಪಿತ್ತಕೋಶದ ನೋವು. 'ಎಣ್ಣೆ, ತುಪ್ಪ ಬಿಡಬೇಕು' ಎಂದು ಅಂದವಾಗಿ ಬರೆದುಕೊಟ್ಟೆ. ತಿಂಗಳು ತುಂಬುವುದರೊಳಗೆ ಆತ ಹೊಟ್ಟೆ ಹಿಡಿದುಕೊಂಡು ತಿರುಗಿ ಬಂದ. ಜೊತೆಗೆ ಬಂದ ಹೆಂಡತಿಯ ಮೇಲೆ ನನಗೆ ತಕ್ಷಣ ಅನುಮಾನ.

"ಚೀಟಿ ಪ್ರಕಾರ ಮಾಡಿಲ್ಲಲ್ಲ ನೀವು?"

"ಮಾಡೇನ್ರಿ ಬಾಯಿ. ದಿನಾ ಎರಡೂ ಹೊತ್ತು."

"ಏನ ಮಾಡೀರಿ?"

"ತುಪ್ಪಾ ಬಿಟ್ಟೀನ್ರಿ."

"ಬಿಟ್ಟಿದ್ರ ನೋವು ಯಾಕ ಬರತಿತ್ತು?"

"ಅದ ನನಗೂ ತಿಳೀವಲ್ದರಿ. ಮದಲ ಒಂದ ಮಿಳ್ಳಿ ಬಿಡತಿದ್ದೆ. ನೀವ ಬರದ ಕೊಟ್ಟ ಮ್ಯಾಲ ಮೂರ ಮಿಳ್ಳಿ ಬಿಡಾಕತ್ತೀನಿ. ಮನ್ಯಾಗ ಎಮ್ಮಿ ಐತಿ, ಕಡಿಮಿ ಯಾಕ ಮಾಡೂಣು?"

ಬಿಡುವುದು ಎಂದರೆ ತ್ಯಜಿಸುವುದು ಎಂದು ನಾನು ಓದಿ ಬಂದಿದ್ದೆ. ಅನ್ನದ ಮೇಲೆ ಸುರಿಯುವುದು ಎಂದು ಆಕೆ ಉಂಡು ಬಂದಿದ್ದಳು. ಇಬ್ಬರದ್ದೂ ಕನ್ನಡವೇ. ನಮ್ಮ ದೊಡ್ಡ ಡಾಕ್ಟರು ಕನ್ನಡ ಮರಾಠಿ ಎರಡರಲ್ಲೂ ಸರಿಸಮನಾಗಿ ಬೈಯಬಲ್ಲವರು. ಚೀಟಿಯನ್ನು ಎತ್ತಿ ಹಿಡಿದು, "ಬಾಯಿ, ಇದು ಪಥ್ಯದ ಚೀಟಿನೋ, ಮದವಿ ಊಟದ ಯಾದಿನೋ? ಎರಡೂ ಭಾಷಾದವರಿಗೆ ಒಂದ ಅರ್ಥ ಆಗೂ ಶಬ್ದ ಹುಡುಕ್ರಿ" ಎಂದರು.

ಹುಡುಕಲು ದೂರ ಹೋಗಬೇಕಾಗಲಿಲ್ಲ. ಬೆಳಗಾವಿಯಲ್ಲಿ ಆ ಶಬ್ದ ಆಗಾಗ ಗೋಡೆಯ ಮೇಲೇ ಬರೆದಿರುತ್ತದೆ. ಈ ಭಾಷೆಯವರು ಒಮ್ಮೆ, ಆ ಭಾಷೆಯವರು ಒಮ್ಮೆ ಊರು ನಿಲ್ಲಿಸುವಾಗ ಇಬ್ಬರೂ ಒಮ್ಮತದಿಂದ ಬಳಸುತ್ತಿದ್ದ ಶಬ್ದ ಅದೊಂದೇ: ಬಂದ್. ಖಡೇ ಬಜಾರದಲ್ಲಿ ಒಬ್ಬ ಶಿಕ್ಕಾ ಮಾಡುವವನಿದ್ದ. ಮೇಲೆ ಕನ್ನಡ, ಕೆಳಗೆ ಮರಾಠಿ, ಸುತ್ತ ದುಂಡನೆಯ ಗೆರೆ ಇರುವ ರಬ್ಬರಿನ ಮುದ್ರೆ ಮಾಡಿಕೊಡು ಎಂದೆ. "ಏನ ಬಂದ್ ಮಾಡಾವ್ರು ಬಾಯಿ? ಬಜಾರಾ?" ಎಂದು ಕೇಳಿದ. "ಬದನೀಕಾಯಿ" ಎಂದೆ.

ಪದ್ಧತಿ ಬದಲಾದದ್ದು ಹೀಗೆ. ಐವತ್ತು ಪದಾರ್ಥಗಳ ಯಾದಿಯನ್ನು ಸೈಕ್ಲೋಸ್ಟೈಲ್ ಮಾಡಿಸಿದೆವು. ತಿನ್ನಬಾರದ್ದರ ಮುಂದೆ ಕೆಂಪು ಶಾಯಿಯಲ್ಲಿ ಠಪ್ ಎಂದು ಶಿಕ್ಕಾ ಹೊಡೆಯುವುದು, ಕೆಳಗೆ ನನ್ನ ಸಹಿ. ಓದಲು ಬಾರದವರಿಗೂ ಅರ್ಥವಾಗುತ್ತಿತ್ತು. ದೊಡ್ಡ ಡಾಕ್ಟರಿಗೆ ಅದು ಎಷ್ಟು ಹಿಡಿಸಿತೆಂದರೆ ನೆಗಡಿ ಬಂದವನಿಗೂ ಎರಡು ಹೊಡೆಯಿರಿ ಎನ್ನುತ್ತಿದ್ದರು. ಹೊಡೆಯುವ ಕೈಗೂ ಒಂದು ರುಚಿ ಹತ್ತುತ್ತದೆ, ಸುಳ್ಳು ಯಾಕೆ ಹೇಳಲಿ. ವಾರ್ಡಿನಲ್ಲಿ ರೋಗಿಗಳು ಎಣಿಸಿಕೊಳ್ಳುತ್ತಿದ್ದರು. "ನಿಮಗ ಎಷ್ಟು?" "ಏಳು." "ಬರೇ ಏಳಾ? ನನಗ ಹನ್ನೊಂದು." ಹನ್ನೊಂದರವನು ಏಳರವನ ಕಡೆ ನೋಡುವ ನೋಟದಲ್ಲಿ ಮಠದ ಸ್ವಾಮಿಗಳ ಗಾಂಭೀರ್ಯವಿರುತ್ತಿತ್ತು. ಅದನ್ನು ಕಂಡಾಗಲೇ ನನಗೆ ಅನುಮಾನ ಬರಬೇಕಿತ್ತು. ಬೇರೆಲ್ಲದರ ಮೇಲೂ ಬಂತು, ಶಿಕ್ಕಾದ ಮೇಲೆ ಬರಲಿಲ್ಲ.

ಆ ದಿನಗಳಲ್ಲಿ ಬುಧವಾರ ಬುಧವಾರ ನಾನು ಮುಂಜಾನೆಯ ಗಾಡಿ ಹಿಡಿದು ಖಾನಾಪುರಕ್ಕೆ ಹೋಗುತ್ತಿದ್ದೆ. ಅಲ್ಲಿ ನಮ್ಮ ಆಸ್ಪತ್ರೆಯದೊಂದು ಎರಡು ಕೋಣೆಯ ದವಾಖಾನೆ ಇತ್ತು. ಒಂದು ಬುಧವಾರ ಗಂಗವ್ವ ಎಂಬ ಹಿರಿಯ ಹೆಂಗಸು ತನ್ನ ಸೊಸೆಯನ್ನು ರಟ್ಟೆ ಹಿಡಿದು ಕರೆತಂದಳು. ಸೊಸೆ ಸುಮಿತ್ರಾ, ಅಲ್ಲಿಯ ಪ್ರಾಥಮಿಕ ಶಾಲೆಯ ಅಕ್ಕೋರು, ಎಂದರೆ ಶಿಕ್ಷಕಿ. ಪ್ರಾರ್ಥನೆಗೆ ನಿಂತಲ್ಲೇ ಮಕ್ಕಳ ಮುಂದೆ ತಲೆ ತಿರುಗಿ ಬಿದ್ದಿದ್ದರು. ಅದು ಮೂರನೆಯ ಸಲ. ಕೈಬಳೆಗಳು ಮೊಣಕೈ ತನಕ ಜಾರುತ್ತಿದ್ದವು. ತೂಕದ ಯಂತ್ರದ ಮೇಲೆ ನಿಲ್ಲಿಸಿದರೆ ಮೂವತ್ತನಾಲ್ಕು ಕಿಲೋ. ಎರಡು ವರ್ಷದ ಹಿಂದೆ ಕಾಮಾಲೆಗೆ ನಮ್ಮ ಆಸ್ಪತ್ರೆಯಲ್ಲೇ ಇದ್ದವರು, ಆಗ ಐವತ್ತು ಕಿಲೋ ಸಮೀಪ ಇದ್ದವರು. ನನಗೆ ಮುಖದ ಗುರುತು ಹತ್ತಲಿಲ್ಲ.

"ಊಟ ಹ್ಯಾಂಗ ಅಕ್ಕೋರ?" ಎಂದೆ.

"ಭಾಳ ಛಲೋರಿ. ಪಥ್ಯದ ಪ್ರಕಾರ."

ಭಾಳ ಛಲೋ ಎಂದವರ ಮನೆಯನ್ನು ನೋಡಲೇಬೇಕು ಎಂಬುದು ನನ್ನ ನಿಯಮ. ದೊಡ್ಡ ಡಾಕ್ಟರು ಬೆಳಗಾವಿಗೆ ಕರೆಸಿ, ಕ್ಷಯವಿರಬಹುದೆಂದು ಎಲ್ಲ ಪರೀಕ್ಷೆ ಮಾಡಿಸಿದರು. ಯಾವುದರಲ್ಲೂ ಏನೂ ಸಿಗಲಿಲ್ಲ. "ಬಾಯಿ, ಈ ಮೈಗೆ ಒಂದು ಸಣ್ಣ ಜ್ವರ ಬಂದ್ರ ಸಾಕು, ಮುಗೀತು. ಅನ್ನ ಎಲ್ಲಿ ಹೋಗಾಕತ್ತದ ನೋಡಿ ಬರ್ರಿ" ಎಂದರು. ನನಗೆ ಉತ್ತರ ಆಗಲೇ ಗೊತ್ತಿತ್ತು. ಅತ್ತೆ. ಗಂಡ ಗುಂಜಿಯ ಸ್ಟೇಶನ್ನಿನಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಮನೆಗೆ ಬರುವವನು. ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ. ಸೊಸೆ ಒಣಗಿದ್ದಾಳೆ, ಅತ್ತೆ ದುಂಡಗಿದ್ದಾಳೆ. ಲೆಕ್ಕ ಬಿಡಿಸಲು ಬೇರೇನು ಬೇಕು?

ಮುಂದಿನ ಬುಧವಾರ ಹೇಳದೆ ಕೇಳದೆ ಮಲಪ್ರಭೆಯ ದಂಡೆಯ ಬಳಿಯ ಅವರ ಮನೆಗೆ ಹೋದೆ. ಶಾಲೆ ಅಕ್ಕೋರಿಗೆ ರಜೆ ಕೊಟ್ಟಿತ್ತು. ನೇರವಾಗಿ ಅಡಿಗೆಮನೆಗೆ ನಡೆದು ಡಬ್ಬಿಗಳ ಮುಚ್ಚಳ ತೆಗೆಯತೊಡಗಿದೆ. ಗಂಗವ್ವ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನ ಹುಡಕಾಕತ್ತೀರಿ ಬಾಯಿ? ಕಳುವಿನ ಮಾಲು ಇಟ್ಟೇವೇನು?"

"ಸೊಸಿಗೆ ಏನ ಹಾಕ್ತೀರಿ ನೋಡಾಕ ಬಂದೀನಿ."

"ನೋಡ್ರಿ. ಛಲೋತ್ನಾಗೆ ನೋಡ್ರಿ. ಮಜ್ಜಿಗಿ ಗಡಿಗ್ಯಾಗೂ ಕೈ ಹಾಕ್ರಿ."

ನೋಡಿದೆ. ಬುಟ್ಟಿಯಲ್ಲಿ ಬಿಸಿ ರೊಟ್ಟಿ, ಕಲ್ಲೊರಳಿನ ಪಕ್ಕ ಶೇಂಗಾ ಚಟ್ನಿ, ಬೇಳೆ, ಮೊಸರು, ಒಲೆಯ ಬಾಜು ತುಪ್ಪದ ಗಿಂಡಿ. ಎಲ್ಲ ಇಬ್ಬರಿಗಾಗುವಷ್ಟು. ಒಂದು ಮೂಲೆಯಲ್ಲಿ ಬೇರೆಯದೇ ಒಂದು ಸಣ್ಣ ಒಲೆ, ಅದರ ಮೇಲೊಂದು ಪಾತ್ರೆ. ಪಾತ್ರೆಯಲ್ಲಿ ಹಿಡಿಯಷ್ಟು ಅನ್ನ, ಬೇಯಿಸಿದ ಹೀರೇಕಾಯಿ. ಉಪ್ಪಿಲ್ಲ. ನಾನು ಬೆರಳಿನಿಂದ ಮುಟ್ಟಿ ನಾಲಿಗೆಗೆ ಹಚ್ಚಿ ನೋಡಿದೆ.

ಆ ಒಲೆಯ ಮೇಲಿನ ಗೋಡೆಗೆ ಅನ್ನದ ಗಂಜಿಯಿಂದ ಅಂಟಿಸಿದ ಒಂದು ಹಾಳೆ ಇತ್ತು. ಹೊಗೆ ಹಿಡಿದು ಹಳದಿಯಾಗಿತ್ತು, ಆದರೂ ಕೆಂಪು ಶಿಕ್ಕಾ ಮಾಸಿರಲಿಲ್ಲ. ಎಣ್ಣೆ ಬಂದ್. ತುಪ್ಪ ಬಂದ್. ಬೇಳೆ ಬಂದ್. ಹೀಗೆ ಒಂಬತ್ತು. ಕೆಳಗೆ ನನ್ನ ಸಹಿ. ಕಾಮಾಲೆ ಇಳಿಯುವ ತನಕ, ಹೆಚ್ಚೆಂದರೆ ಎರಡು ತಿಂಗಳಿಗೆ ಕೊಟ್ಟದ್ದು. ಅಷ್ಟೂ ಬೇಕಿರಲಿಲ್ಲ ಎಂದು ಈಗಿನ ವೈದ್ಯರು ಹೇಳುತ್ತಾರೆ, ಇರಲಿ. ನನ್ನ ಸಹಿಯ ಕೆಳಗೆ ಅಕ್ಕೋರ ಮುತ್ತಿನಂಥ ಅಕ್ಷರದಲ್ಲಿ ಯಾದಿ ಮುಂದುವರಿದಿತ್ತು. ಉಪ್ಪು, ಬೆಲ್ಲ, ಹಾಲು, ಶೇಂಗಾ, ಬಾಳೆಹಣ್ಣು, ಹುಣಸೆ, ಬೇರೆಯವರ ಮನೆಯ ನೀರು. ಒಂದೊಂದರ ಮುಂದೂ ಕೆಂಪು ಪೆನ್ಸಿಲಿನಿಂದ, ನನ್ನ ಶಿಕ್ಕಾದ ಹಾಗೆಯೇ ದುಂಡಗೆ, ಬಂದ್. ನನ್ನ ಒಂಬತ್ತೂ ಸೇರಿ ಇಪ್ಪತ್ತಮೂರು ಎಣಿಸಿದೆ.

ಗಂಗವ್ವ ಹಿಂದೆಯೇ ಇದ್ದಳು. ಈಗ ದನಿಯಲ್ಲಿ ಕಾವು ಇರಲಿಲ್ಲ. "ಎರಡ ವರ್ಷಾತು ಬಾಯಿ. ನಾ ಒಂದ ತುತ್ತು ಹಾಕಾಕ ಹೋದ್ರ ಈ ಹಾಳಿ ತೋರಸ್ತಾಳ. ಊರು ಬಂದ್ ಆದ್ರ ಸಂಜೀ ಆರಕ್ಕ ಅಂಗಡಿ ತಗೀತಾರ್ರಿ. ನೀವ ಮಾಡಿದ ಬಂದ್ ಯಾವಾಗ ತಗೀತೈತಿ?"

ಐವತ್ತು ಪದಾರ್ಥ ಅಚ್ಚು ಹಾಕಿಸಿದ್ದೆ, ಎರಡು ಭಾಷೆಯಲ್ಲಿ ಶಿಕ್ಕಾ ಮಾಡಿಸಿದ್ದೆ, ಸಹಿಗೆ ಗೆರೆ ಎಳೆಸಿದ್ದೆ. ಎಲ್ಲಿಯ ತನಕ ಎಂದು ಬರೆಯಲು ಆ ಹಾಳೆಯಲ್ಲಿ ಜಾಗವೇ ಇಟ್ಟಿರಲಿಲ್ಲ. ತಿರುಗಿ ತೋರಿಸಲು ಬನ್ನಿ ಎಂದು ಹೇಳಿದ್ದೆನೋ ಇಲ್ಲವೋ ನೆನಪಿಲ್ಲ, ಹೇಳಿರಲಿಕ್ಕಿಲ್ಲ.

ಅಕ್ಕೋರು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. "ಅಕ್ಕೋರ, ಅದು ಎರಡು ತಿಂಗಳಿಂದು. ಇನ್ನ ಎಲ್ಲಾ ತಿನ್ನಬಹುದು" ಎಂದೆ. ಅವರು ನಕ್ಕರು. ಪಾಠ ಓದದೆ ಬಂದ ಮಗುವನ್ನು ನೋಡಿ ನಗುವ ಹಾಗೆ.

"ನನಗೇನೂ ತ್ರಾಸ ಇಲ್ಲರಿ. ಮೈ ಹಗರ ಐತಿ, ಮನಸ್ಸು ಸ್ವಚ್ಛ ಐತಿ. ಮಂದಿ ಏನೇನ ತಿಂತಾರ ನೋಡಿದ್ರ ಅಂಜಿಕಿ ಬರತೈತಿ. ಹಾಲಿನ್ಯಾಗ ಏನ ಹಾಕಿರ್ತಾರೋ, ಬೆಲ್ಲ ಎಲ್ಲಿದೋ."

ನಾನು ರೋಗಿಗಳನ್ನು ನೋಡುವ ಕಣ್ಣಿನಿಂದ ಈಕೆ ಅನ್ನವನ್ನು ನೋಡುತ್ತಿದ್ದರು. ಪ್ರತಿಯೊಂದು ತುತ್ತೂ ಕಳ್ಳ. ಬಾಗಿಲಲ್ಲೇ ತಡೆದು ತಡಕಿ ನೋಡಬೇಕು. ಈ ವಿದ್ಯೆ ಎಲ್ಲಿ ಕಲಿತರು ಎಂದು ಗಾಡಿಯಲ್ಲಿ ಬೆಳಗಾವಿಯ ತನಕ ಯೋಚಿಸಿದೆ, ಹೊಳೆಯಲಿಲ್ಲ.

ಶಿಕ್ಕಾದಿಂದ ಆದದ್ದನ್ನು ಶಿಕ್ಕಾದಿಂದಲೇ ಸರಿಪಡಿಸುತ್ತೇನೆ ಎಂದು ಹೊರಟೆ. ಖಡೇ ಬಜಾರದವನಿಂದ ಇನ್ನೊಂದು ಮುದ್ರೆ ಮಾಡಿಸಿದೆ: ಚಾಲೂ. ಎರಡೂ ಭಾಷೆಗೆ ಸಲ್ಲುವ ಮಾತು, ಹಸಿರು ಶಾಯಿ. ಹೊಸ ಹಾಳೆಯಲ್ಲಿ ಉಪ್ಪು ಚಾಲೂ, ಬೇಳೆ ಚಾಲೂ ಎಂದು ಹೊಡೆದು ಅಕ್ಕೋರ ಕೈಗಿತ್ತೆ. ಒಮ್ಮೆಲೇ ಎಲ್ಲ ಬೇಡ, ವಾರಕ್ಕೆರಡು. ಅವರು ವಿನಯದಿಂದ ತೆಗೆದುಕೊಂಡರು. ಮುಂದಿನ ಬುಧವಾರ ದವಾಖಾನೆಗೆ ತಾವೇ ನಡೆದು ಬಂದರು: ಮೂವತ್ತೈದು ಕಿಲೋ. ಮತ್ತೊಂದು ವಾರ, ಮೂವತ್ತಾರು. ನಾನು ದೊಡ್ಡ ಡಾಕ್ಟರ ಮುಂದೆ ಹೋಗಿ ವರದಿ ಒಪ್ಪಿಸಿದೆ. "ಬಾಯಿ, ನಿಮ್ಮ ಚಾಲೂ ಛಲೋ ಅದ" ಎಂದರು. ಅವರ ಬಾಯಿಂದ ಬಂದ ಹೊಗಳಿಕೆಗಳಲ್ಲಿ ಅದು ಮೊದಲನೆಯದು, ಬಹುಶಃ ಕೊನೆಯದೂ. ಜೀವಮಾನದಲ್ಲಿ ಅನುಮಾನ ಪಡದೇ ಕಳೆದ ಎರಡು ವಾರ ಎಂದರೆ ಅವೇ.

ಮೂರನೆಯ ವಾರ ಅಕ್ಕೋರು ಯಂತ್ರದ ಮೇಲೆ ಕಾಲಿಟ್ಟರು. ಮುಳ್ಳು ಮೂವತ್ತೇಳಕ್ಕೆ ಹೋಯಿತು. ನಾನು ಬರೆದುಕೊಳ್ಳಲು ಪೆನ್ನು ತೆಗೆದೆ. ಆಗ ಎಲ್ಲೋ ಠಣ್ ಎಂದಿತು.

ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು. ಕೋಣೆಯಲ್ಲಿ ಇದ್ದವರು ನಾವಿಬ್ಬರೇ.

ಅಕ್ಕೋರು ಸೆರಗಿನ ಮರೆಯಲ್ಲಿ ಸೊಂಟಕ್ಕೆ ಕಟ್ಟಿದ್ದ ಬಟ್ಟೆಯ ಚೀಲ ಬಿಚ್ಚಿ, ಎರಡು ತೂಕದ ಗುಂಡುಗಳನ್ನು ಮೇಜಿನ ಮೇಲಿಟ್ಟರು. ಒಂದು ಕಿಲೋದ್ದು, ಎರಡು ಕಿಲೋದ್ದು. ಮೊದಲ ವಾರ ಒಂದು ಕಿಲೋದ್ದು, ಎರಡನೆಯ ವಾರ ಎರಡು ಕಿಲೋದ್ದು, ಇವತ್ತು ಎರಡೂ. ಗಣಿತ ಕಲಿಸುವವರು, ತಪ್ಪಿರಲಿಲ್ಲ.

"ಸಾಲಿದ್ರಿ ಇವು. ತೂಕ, ಅಳತಿ ಹೇಳಿಕೊಡಾಕ. ಹೊಳ್ಳಿ ಅಲ್ಲೇ ಇಡಬೇಕು" ಎಂದರು. "ಹುಡುಗ್ರಿಗೆ ಸುಳ್ಳ ಹೇಳಬ್ಯಾಡ್ರಿ ಅಂತೀನಿ ನಾನು."

"ಹಂಗಾದ್ರ ಉಪ್ಪು? ಬ್ಯಾಳಿ?"

"ಮುಟ್ಟಿಲ್ಲರಿ. ಆಗೂದಿಲ್ಲ. ತುತ್ತು ಎತ್ತಿದ್ರ ನಿಮ್ಮ ಮಾತ ಕೇಳಸ್ತೈತಿ."

"ನನ್ನ ಯಾವ ಮಾತು?"

"ನಾಲಿಗಿ ಮಾತ ಕೇಳಬ್ಯಾಡ್ರಿ. ಮನ್ಯಾಗ ಮಂದಿ ಏನೂ ಆಗೂದಿಲ್ಲ ತಿನ್ನು ಅಂತಾರ, ಅವರನ್ನೂ ನಂಬಬ್ಯಾಡ್ರಿ. ಈ ಚೀಟಿ ಒಂದ ನಂಬರಿ." ಒಂದಕ್ಷರ ತಪ್ಪಿಲ್ಲದೆ ಒಪ್ಪಿಸಿದರು. "ಅವತ್ತ ಕೆಂಪು ಶಿಕ್ಕಾ ನಂಬು ಅಂದ್ರಿ. ಈಗ ಹಸರ ಶಿಕ್ಕಾ ನಂಬು ಅಂತೀರಿ. ಎರಡರಾಗೂ ನಿಮ್ಮ ಸಹಿನ ಐತಿ. ಯಾವುದು ಖರೇ ಬಾಯಿ?"

ಸಾವಿರ ಸಲ ಹೇಳಿ ಸವೆಸಿದ ಆ ಉಪದೇಶವನ್ನು ಅಕ್ಷರಶಃ ಪಾಲಿಸಿದ ಒಬ್ಬರೇ ಒಬ್ಬ ರೋಗಿ ನನ್ನ ಮುಂದೆ ಮೂವತ್ತನಾಲ್ಕು ಕಿಲೋ ಇದ್ದರು. ಉಳಿದವರೆಲ್ಲ ಸುಣ್ಣದ ಡಬ್ಬಿಯಲ್ಲಿ ಕುಂದಾ ಇಟ್ಟುಕೊಂಡು ನನ್ನ ಉಪದೇಶದಿಂದ ಪಾರಾಗಿದ್ದರು.

"ಕೆಂಪು ಶಿಕ್ಕಾ ಎರಡ ತಿಂಗಳಿಂದು. ಎಲ್ಲಿತನಕ ಅಂತ ನಾ ಬರೀಲಿಲ್ಲ. ನನ್ನ ತಪ್ಪು ಅಕ್ಕೋರ" ಎಂದೆ. ಈ ಮಾತು ಆಡಿ ನನಗೆ ರೂಢಿಯಿರಲಿಲ್ಲ.

ಅಕ್ಕೋರು ತಮ್ಮ ಹೆಗಲ ಚೀಲದಿಂದ ಒಂದು ಹಾಳೆ, ಕೆಂಪು ಪೆನ್ಸಿಲು ತೆಗೆದು ನನ್ನ ಮುಂದೆ ಸರಿಸಿದರು.

"ನಮ್ಮ ಸಾಲ್ಯಾಗ ತಪ್ಪು ಬರೆದವರು ಹತ್ತು ಸಲ ತಿದ್ದಿ ಬರೀಬೇಕು."

ಬರೆದೆ. 'ಪಥ್ಯ ಎರಡು ತಿಂಗಳು ಮಾತ್ರ.' ಹತ್ತು ಸಲ. ಮೂವತ್ತನಾಲ್ಕು ಕಿಲೋದ ಒಬ್ಬ ಹೆಂಗಸು ಮೇಜಿನಾಚೆ ಕುಳಿತು ಕಾಯುತ್ತಿದ್ದರು. ಐದನೆಯ ಸಾಲಿನಲ್ಲಿ ಒಂದು ಒತ್ತಕ್ಷರ ಸಣ್ಣದಾಯಿತೆಂದು ಬೆರಳಿಟ್ಟು ತೋರಿಸಿದರು, ಅದನ್ನೂ ತಿದ್ದಿದೆ. ಮುಗಿದ ಮೇಲೆ ಹಾಳೆಯನ್ನು ಮಡಚಿ ಚೀಲದಲ್ಲಿಟ್ಟುಕೊಂಡು, "ನಡೀರಿ ಮನಿಗೆ. ನನ್ನ ಮುಂದ ನೀವು ಮದಲ ಉಣ್ರಿ. ನಿಮಗೇನೂ ಆಗಲಿಲ್ಲಂದ್ರ ನೋಡೂಣು" ಎಂದರು.

ರೋಗಿಯ ಮನೆಯಲ್ಲಿ ಉಣ್ಣಬಾರದು ಎಂಬುದು ನಾನೇ ಮಾಡಿಕೊಂಡ ನಿಯಮ. ಅದಕ್ಕೂ ಅವಧಿ ಬರೆದಿರಲಿಲ್ಲ. ಹೋದೆ.

ಮಧ್ಯಾಹ್ನದ ಹೊತ್ತು. ಗಂಗವ್ವ ಇಬ್ಬರಿಗೂ ತಾಟು ಹಾಕಿದಳು. ನನಗೆ ಅನ್ನ, ಬೇಳೆಯ ಸಾರು. ಸೊಸೆಗೂ ಅದನ್ನೇ, ನನ್ನದರ ಕಾಲು ಭಾಗದಷ್ಟು. ಆಕೆ ನನ್ನ ಅಳತೆಯ ತಕ್ಕಡಿಯಿಲ್ಲದೆಯೇ ಸರಿಯಾಗಿ ಬಡಿಸಿದ್ದಳು. ನಾನು ಮೊದಲ ತುತ್ತು ಉಂಡೆ. ಅಕ್ಕೋರು ನನ್ನ ಗಂಟಲನ್ನೇ ನೋಡುತ್ತಿದ್ದರು. ನಾನು ವಾರ್ಡಿನಲ್ಲಿ ನೋಡುತ್ತಿದ್ದುದೂ ಹಾಗೆಯೇ, ನುಂಗಿದರೋ ದವಡೆಯಲ್ಲಿಟ್ಟುಕೊಂಡರೋ ಎಂದು. ನೋಡಿಸಿಕೊಳ್ಳುವವರಿಗೆ ಅನ್ನ ಹೇಗೆ ಇಳಿಯುತ್ತದೆ ಎಂಬುದು ಅಷ್ಟು ವರ್ಷಗಳಲ್ಲಿ ಅವತ್ತೇ ತಿಳಿಯಿತು.

ಎರಡು, ಮೂರು ತುತ್ತು. ಅಕ್ಕೋರು ಬೆರಳ ತುದಿಯಿಂದ ಸಾರು ಕಲೆಸಿದರು. ಬಾಯಿಗೆ ಹಾಕಿಕೊಂಡರು. ನಾನು ತಾಟಿನಿಂದ ಕಣ್ಣು ಎತ್ತದೆ ಕುಳಿತೆ. ಇನ್ನೊಂದು ತುತ್ತು. ಗಂಗವ್ವ ಒಲೆಯ ಬಾಜುವಿನಿಂದ ತುಪ್ಪದ ಮಿಳ್ಳೆ ಹಿಡಿದು ಬಂದು ನನ್ನ ಅನ್ನದ ಮೇಲೆ ಕೇಳದೆಯೇ ಹಾಕಿದಳು. ಆಮೇಲೆ ಸೊಸೆಯ ತಾಟಿನ ಮೇಲೆ ಮಿಳ್ಳೆ ತಡೆದು ಹಿಡಿದಳು.

"ತುಪ್ಪಾ ಬಿಡ್ಲೇನವ್ವಾ?"

ಗೋಡೆಯ ಮೇಲೆ ಹಾಳೆ ಇನ್ನೂ ಹಾಗೆಯೇ ಅಂಟಿಕೊಂಡಿತ್ತು. ಅಕ್ಕೋರು ಅತ್ತ ನೋಡಿದರು, ನನ್ನತ್ತ ನೋಡಿದರು, ಮಿಳ್ಳೆಯತ್ತ ನೋಡಿದರು.

"ಬಿಡ್ರಿ ಅತ್ತಿ" ಎಂದರು.

ಹಾಕಿರಿ ಎಂದರೋ, ಬೇಡ ಇರಲಿ ಎಂದರೋ, ಇಂದಿಗೂ ನನಗೆ ಅನುಮಾನ. ನಂದಗಡದ ಹೆಂಗಸಿನ ಮುಂದೆ ಆ ಶಬ್ದಕ್ಕೆ ಒಂದೇ ಅರ್ಥವೆಂದು ವಾದ ಹೂಡಿದವಳು ನಾನು. ಗಂಗವ್ವ ವಾದಕ್ಕೆ ಕಾಯಲಿಲ್ಲ. ಮಿಳ್ಳೆ ಬಾಗಿಸಿದಳು.

ನಾನು ನನ್ನ ತಾಟಿನ ತುಪ್ಪ ಕಲೆಸಿಕೊಂಡೆ.

ಊಟ ಮುಗಿದು ತಾಟುಗಳು ಹಿತ್ತಲಿಗೆ ಹೋದವು. ಅಕ್ಕೋರ ತಾಟು ಖಾಲಿಯಾಗಿತ್ತು. ಕೈ ತೊಳೆಯುವ ನೆಪ ಮಾಡಿ ನಾನೂ ಹಿತ್ತಲಿಗೆ ಹೋದೆ. ನಾಯಿಯೊಂದು ಬಿಸಿಲಿಗೆ ಮಲಗಿತ್ತು. ಹತ್ತಿರ ಹೋಗಿ, ಬಗ್ಗಿ, ಅದರ ಮುಂದೆ, ಪಕ್ಕದಲ್ಲಿ, ತುಳಸಿ ಕಟ್ಟೆಯ ಹಿಂದೆ, ಎಲ್ಲ ಕಡೆ ನೋಡಿದೆ. ಒಂದು ಅಗುಳೂ ಇರಲಿಲ್ಲ.